ಹಳೆಯ ಮೇಲಿಂಗ್ ಲಿಸ್ಟನ್ನು ಡೆಸ್ಕ್‌ಟಾಪಿಗೆ ಇಳಿಸಿದ್ದು

ನಾನು ವರ್ಷಗಟ್ಟಲೆ ಸದಸ್ಯನಾಗಿದ್ದ ಒಂದು ಮೇಲಿಂಗ್ ಲಿಸ್ಟಿನ (ಒಂದು ವಿಳಾಸಕ್ಕೆ ಬರೆದರೆ ಸದಸ್ಯರಿಗೆಲ್ಲ ಹೋಗುವ ಇಮೇಲ್ ಗುಂಪು) ಸರ್ವರ್ ಮುಚ್ಚುತ್ತಾರೆ ಅಂತ ಗೊತ್ತಾಯಿತು. ಅಲ್ಲಿನ ಹಳೆಯ ಚರ್ಚೆಗಳಲ್ಲಿ ಇವತ್ತಿಗೂ ಕೆಲಸಕ್ಕೆ ಬರುವ ವಿಷಯ ಬೇಕಾದಷ್ಟಿದೆ. ಅಷ್ಟನ್ನೂ ನನ್ನ ಡೆಸ್ಕ್‌ಟಾಪಿನಲ್ಲೇ, ನೆಟ್ ಇಲ್ಲದಾಗಲೂ ಹುಡುಕಲು ಆಗುವ ಹಾಗೆ ಇಟ್ಟುಕೊಳ್ಳೋಣ ಅಂತ ಹೊರಟೆ. ಸಾಫ್ಟ್‌ವೇರ್ ಹಾಕುವ ಕೆಲಸ ಬೇಗ ಮುಗಿಯಿತು. ಅದಕ್ಕೆ ಮೇಲ್‌ಗಳನ್ನು ಸರಿಯಾಗಿ ತುಂಬುವುದೇ ದೊಡ್ಡ ಕೆಲಸ. ಹಾಗಾಗಿ ಈ ಬರಹದಲ್ಲೂ ಅದರ ಪಾಲೇ ಜಾಸ್ತಿ.

ಮೇಲ್ ಫೈಲುಗಳು ಬರೀ ಟೆಕ್ಸ್ಟ್ ತಾನೇ, ಸುಮ್ನೆ ಗ್ರೆಪ್ (ಫೈಲುಗಳಲ್ಲಿ ಪದ ಹುಡುಕುವ ಕಮಾಂಡ್) ಮಾಡಿದರೆ ಸಾಲದೇ ಅಂತ ಯಾರಾದರೂ ಕೇಳಬಹುದು. ಇಂಗ್ಲಿಷ್ ಮೇಲ್‌ಗಳಿಗೆ ಬಹುಮಟ್ಟಿಗೆ ಸಾಕು. ಕನ್ನಡಕ್ಕೆ ಸಾಲದು. ಮೇಲ್ ಕಳಿಸುವ ತಂತ್ರಾಂಶಗಳು ಇಂಗ್ಲಿಷಲ್ಲದ ಅಕ್ಷರಗಳನ್ನು ಬೇಸ್64 ಅಥವಾ ಕೋಟೆಡ್-ಪ್ರಿಂಟಬಲ್ ರೂಪಕ್ಕೆ ತಿರುಗಿಸಿ ಕಳಿಸುವುದು ಮಾಮೂಲು. ‘ಕ್ಷ’ ತಗೊಳ್ಳಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಕ, ವಿರಾಮ (್), ಷ ಎಂಬ 3 ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್. ಕೋಟೆಡ್-ಪ್ರಿಂಟಬಲ್‌ನಲ್ಲಿ ಒಂದೊಂದು ಬೈಟಿಗೂ ಒಂದು ಸಮ ಚಿಹ್ನೆ, ಜೊತೆಗೆ ಎರಡು ಅಂಕಿ-ಅಕ್ಷರ. ಹೀಗೆ ಒಂದು ‘ಕ್ಷ’ ಫೈಲಿನೊಳಗೆ 27 ಅಕ್ಷರಗಳಾಗಿ ಕೂತಿರುತ್ತದೆ. ಅದೂ ಸಾಲಿನ ಕೊನೆಗೆ ಬಂದರೆ ಮಧ್ಯದಲ್ಲೇ ಮುರಿದು ಮುಂದಿನ ಸಾಲಿಗೆ ಹೋಗುತ್ತದೆ. ಗ್ರೆಪ್‌ಗೆ ಅದು ಸಿಗುವುದೆಲ್ಲಿಂದ? ಮೇಲನ್ನು ಬಿಚ್ಚಿ, ಓದಿ, ಆಮೇಲೆ ಹುಡುಕಾಟಕ್ಕೆ ಪದಗಳ ಸೂಚಿ ಮಾಡುವ ಸಾಫ್ಟ್‌ವೇರೇ ಬೇಕು.

ಯಾವುದು ಹಾಕುವುದು? ಲಿಸ್ಟ್ ನಡೆಯುತ್ತಿದ್ದದ್ದು ಮೇಲ್‌ಮ್ಯಾನ್ 2 ಎಂಬ ಸಾಫ್ಟ್‌ವೇರಿನ ಮೇಲೆ. ಅದರೊಳಗಿನ ಪೈಪರ್‌ಮೇಲ್ ಎಂಬ ಭಾಗ ಆರ್ಕೈವ್, ಅಂದರೆ ಹಳೆಯ ಮೇಲ್‌ಗಳ ಸಂಗ್ರಹ, ನೋಡಿಕೊಳ್ಳುತ್ತಿತ್ತು. ಅದನ್ನೇ ತಂದು ಹಾಕೋಣ ಅಂದರೆ ಅದು ಪೈಥಾನ್ 2ರಲ್ಲಿದೆ, ಪೈಥಾನ್ 2ರ ಆಯಸ್ಸು 2020ರ ಆರಂಭಕ್ಕೇ ಮುಗಿದಿದೆ. ಮೇಲ್‌ಮ್ಯಾನ್ 3ರ ಜೊತೆ ಬರುವ ಹೈಪರ್‌ಕಿಟ್ಟಿ ನೋಡಲು ಚೆನ್ನಾಗಿದೆ. ಆದರೆ ಅದಕ್ಕೆ ಜ್ಯಾಂಗೋ ಎಂಬ ವೆಬ್ ಚೌಕಟ್ಟು, ಡೇಟಾಬೇಸ್, ಹಿನ್ನೆಲೆಯಲ್ಲಿ ಓಡುವ ಕೆಲಸಗಾರ ಪ್ರೋಗ್ರಾಂಗಳು ಎಲ್ಲ ಬೇಕು. ಒಬ್ಬನೇ ಓದುವ ಡೆಸ್ಕ್‌ಟಾಪಿಗೆ ಅಷ್ಟು ದೊಡ್ಡ ಸಂಸಾರ ಯಾಕೆ? ಹೈಪರ್‌ಮೇಲ್ ಮತ್ತು ಎಂಹೊನಾರ್ಕ್ 1990ರ ದಶಕದವು. ಒಂದೊಂದು ಮೇಲಿಗೂ ಒಂದೊಂದು ಎಚ್‌ಟಿಎಂಎಲ್ ಪುಟ ಬರೆದಿಟ್ಟು ಸುಮ್ಮನಾಗುತ್ತವೆ. ಹುಡುಕಾಟಕ್ಕೆ ಬೇರೆ ವ್ಯವಸ್ಥೆ ನಾವೇ ಜೋಡಿಸಬೇಕು. ಮೇಲ್ ಹುಡುಕುವ ನಾಟ್‌ಮಚ್ ನನಗೆ ಇಷ್ಟವೇ. ಆದರೆ ಅದು ನನ್ನ ಸ್ವಂತ ಮೇಲ್‌ಪೆಟ್ಟಿಗೆಗೆ ಸರಿ. ಚರ್ಚೆಯನ್ನು ಬ್ರೌಸರ್‌ನಲ್ಲಿ ತೆರೆದು ಓದುವ ಮುಖ ಅದಕ್ಕಿಲ್ಲ.

ಕೊನೆಗೆ ಪಬ್ಲಿಕ್-ಇನ್‌ಬಾಕ್ಸ್ ಹಿಡಿದೆ. ಲಿನಕ್ಸ್ ಕರ್ನಲ್‌ನವರ ಲಿಸ್ಟ್‌ಗಳ ಆರ್ಕೈವ್ 2018ರಿಂದ ಇದರ ಮೇಲೇ ನಿಂತಿದೆ. ಮೇಲ್‌ಗಳು ಗಿಟ್‌ನಲ್ಲಿ (ಫೈಲುಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಇರುತ್ತವೆ. ಪಟ್ಟಿ ಮತ್ತು ಥ್ರೆಡ್‌ಗಳ (ಒಂದು ಮೇಲ್ ಮತ್ತು ಅದರ ಉತ್ತರಗಳ ಸರಣಿ) ಲೆಕ್ಕ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ. ಹುಡುಕಾಟ ಜೇಪಿಯನ್ ಎಂಬ ಹುಡುಕಾಟದ ಲೈಬ್ರರಿಯ ಮೇಲೆ. ಬಹುಪಾಲು ಪರ್ಲ್‌ನಲ್ಲಿ ಬರೆದದ್ದು. ಸರ್ವರಿಗಾಗಿ ಮಾಡಿದ್ದಾದರೂ ಡೆಸ್ಕ್‌ಟಾಪಿನಲ್ಲಿ, ರೂಟ್ ಅಲ್ಲದ ಸಾಮಾನ್ಯ ಯೂಸರ್ ಆಗಿ ಧಾರಾಳವಾಗಿ ಓಡುತ್ತದೆ.

ನನ್ನದು ಡೆಬಿಯನ್ ಲಿನಕ್ಸ್. ಪ್ಯಾಕೇಜ್ ಅಲ್ಲೇ ಇದೆ, ಒಂದು ಆಪ್ಟ್ ಕಮಾಂಡಿನಲ್ಲಿ ಬಂತು. ಜೊತೆಗೆ ಮೂರು ವಿಷಯ ಇವೆಯೇ ಅಂತ ನೋಡಿಕೊಳ್ಳಿ: ಪರ್ಲ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್, ಪರ್ಲ್‌ನ ಜೇಪಿಯನ್ ಮಾಡ್ಯೂಲ್, ಮತ್ತು ಬ್ರೌಸರ್ ಮುಖಕ್ಕೆ ಬೇಕಾದ ಪ್ಲ್ಯಾಕ್. ಜೇಪಿಯನ್ ಇಲ್ಲದಿದ್ದರೆ ಪುಟಗಳು ಕಾಣುತ್ತವೆ, ಹುಡುಕಾಟ ಇರುವುದಿಲ್ಲ. ಇನ್‌ಸ್ಟಾಲ್ ಕತೆ ಇಷ್ಟೇ.

ಇನ್ನು ಮೇಲ್‌ಗಳು. ನನ್ನ ಹತ್ತಿರ ಮೂರು ರಾಶಿ ಇದ್ದವು. ಮೊದಲನೆಯದು ನಾನು ಸದಸ್ಯನಾದಾಗಿನಿಂದ ನನಗೆ ಬಂದ ಮೇಲ್‌ಗಳು, ಮೇಲ್‌ಡಿರ್ ರೂಪದಲ್ಲಿ. ಮೇಲ್‌ಡಿರ್ ಅಂದರೆ ಒಂದು ಮೇಲಿಗೆ ಒಂದು ಫೈಲ್. ಎರಡನೆಯದು ಪೈಪರ್‌ಮೇಲ್‌ನಿಂದ ಇಳಿಸಿದ ತಿಂಗಳವಾರು ಫೈಲುಗಳು, ಲಿಸ್ಟ್ ಶುರುವಾದ ದಿನದಿಂದ. ಮೂರನೆಯದು ಲಿಸ್ಟ್ ನಡೆಸುವವರು ಕೇಳಿದ ಮೇಲೆ ಕೊಟ್ಟ ಕಚ್ಚಾ ಎಂಬಾಕ್ಸ್, ಅಂದರೆ ಎಲ್ಲ ಮೇಲ್‌ಗಳೂ ಇರುವ ಒಂದೇ ಫೈಲ್. ಇದನ್ನು ಕೇಳಲು ಮರೆಯಬೇಡಿ. ಮೇಲ್‌ಮ್ಯಾನ್ 2 ಪುಟಗಳನ್ನು ಕಟ್ಟುವುದಲ್ಲದೆ ಬಂದ ಮೇಲ್‌ಗಳನ್ನು ಲಿಸ್ಟಿನ ಹೆಸರಿನ ಒಂದು ಎಂಬಾಕ್ಸ್ ಫೈಲಿನಲ್ಲಿ ಸರ್ವರಿನ ಖಾಸಗಿ ಫೋಲ್ಡರಿನಲ್ಲಿ ಕೂಡಿಸುತ್ತಾ ಹೋಗುತ್ತದೆ. ನಮ್ಮ ಲಿಸ್ಟಿನದು ಕೊನೆಯ ಕೆಲವು ವರ್ಷಗಳದ್ದು ಮಾತ್ರ ಉಳಿದಿತ್ತು.

ಮೂರರಲ್ಲಿ ಪೈಪರ್‌ಮೇಲ್ ಫೈಲುಗಳ ಗುಣ ತೀರಾ ಕಡಿಮೆ. ನೋಡಲು ಎಂಬಾಕ್ಸ್ ಹಾಗೇ ಇರುತ್ತವೆ. ಆದರೆ ಕಳಿಸಿದವರ ವಿಳಾಸದಲ್ಲಿ ಅಟ್ ಚಿಹ್ನೆ ಹೋಗಿ ‘ಅಟ್’ ಎಂಬ ಇಂಗ್ಲಿಷ್ ಪದ ಬಂದಿರುತ್ತದೆ, ಸ್ಪ್ಯಾಮ್‌ನವರಿಗೆ ವಿಳಾಸ ಸಿಗಬಾರದು ಅಂತ. ಹೆಡರ್‌ಗಳಲ್ಲಿ (ಮೇಲಿನ ತಲೆಯಲ್ಲಿರುವ ಕಳಿಸಿದವರು, ತಾರೀಖು ಮುಂತಾದ ಸಾಲುಗಳು) ನಾಲ್ಕಾರು ಬಿಟ್ಟು ಉಳಿದವೆಲ್ಲ ಕತ್ತರಿಸಿ ಹೋಗಿರುತ್ತವೆ. ಅಟ್ಯಾಚ್‌ಮೆಂಟ್ ಇದ್ದ ಕಡೆ ‘ಇದನ್ನು ತೆಗೆದಿದ್ದೇವೆ’ ಎಂಬ ಒಂದು ಷರಾ ಮತ್ತು ಸರ್ವರಿನ ಒಂದು ಲಿಂಕ್ ಉಳಿದಿರುತ್ತದೆ. ಸರ್ವರ್ ಮುಚ್ಚಿದ ಮೇಲೆ ಆ ಲಿಂಕೂ ಸತ್ತಂತೆ. ಅದಕ್ಕೇ ಮುಚ್ಚುವ ಮುನ್ನ ಆ ಲಿಂಕುಗಳನ್ನೆಲ್ಲ ಹೆಕ್ಕಿ ವಿಗೆಟ್ ಎಂಬ ಡೌನ್‌ಲೋಡ್ ಕಮಾಂಡಿಗೆ ಕೊಟ್ಟು ಇಳಿಸಿಕೊಂಡೆ.

ಹೊಟ್ಟೆ ಉರಿಯುವುದು ಕನ್ನಡ ಮೇಲ್‌ಗಳನ್ನು ನೋಡಿದಾಗ. ಲಿಸ್ಟಿನ ಭಾಷೆ ಇಂಗ್ಲಿಷ್ ಅಂತ ಸೆಟ್ ಮಾಡಿದ್ದರಿಂದ ಅದರ ಅಕ್ಷರ ಸಂಕೇತ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಆಗಿತ್ತು. ಆಗ ಮೇಲ್‌ಮ್ಯಾನ್ 2 ಆರ್ಕೈವ್‌ಗೆ ಹಾಕುವ ಮುನ್ನ ಆಸ್ಕಿಗೆ ಹೊಂದದ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟುಬಿಡುತ್ತದೆ. ಒಬ್ಬರು ಕೂತು ಬರೆದ ಉದ್ದನೆಯ ಕನ್ನಡ ವಿವರಣೆ ತೆರೆದು ನೋಡಿದರೆ ಸಾಲಿಂದ ಸಾಲಿಗೆ ಬರೀ ಪ್ರಶ್ನಾರ್ಥಕ ಚಿಹ್ನೆ, ನಡುನಡುವೆ ಅಲ್ಪವಿರಾಮ, ಪೂರ್ಣವಿರಾಮ, ಒಂದೆರಡು ಇಂಗ್ಲಿಷ್ ಪದ. ವಾಕ್ಯಗಳ ಉದ್ದ ಗೊತ್ತಾಗುತ್ತದೆ, ಒಂದಕ್ಷರವೂ ಗೊತ್ತಾಗುವುದಿಲ್ಲ. ಎನ್‌ಕೋಡಿಂಗ್ ತಪ್ಪಿದ್ದರೆ ತಿರುಗಿಸಿ ಸರಿ ಮಾಡಬಹುದಿತ್ತು. ಇಲ್ಲಿ ತಿರುಗಿಸಲು ಮೂಲವೇ ಇಲ್ಲ.

ಹಾಗಾಗಿ ಒಂದು ಸರದಿ ಹಾಕಿಕೊಂಡೆ. ಮೊದಲು ಕಚ್ಚಾ ಎಂಬಾಕ್ಸ್. ಅದರಲ್ಲಿ ಇಲ್ಲದ್ದು ನನ್ನ ಮೇಲ್‌ಡಿರ್‌ನಿಂದ. ಅಲ್ಲೂ ಇಲ್ಲದ್ದು ಮಾತ್ರ ಪೈಪರ್‌ಮೇಲ್‌ನಿಂದ. ಇದೆಯೋ ಇಲ್ಲವೋ ಅಂತ ತಿಳಿಯಲು ಮೆಸೇಜ್-ಐಡಿ ಹೆಡರ್ ಸಾಕು. ಒಂದೊಂದು ಮೇಲಿಗೂ ಅದು ಬೇರೆ ಬೇರೆ, ಮತ್ತು ಪೈಪರ್‌ಮೇಲ್ ಕೂಡ ಅದನ್ನು ಉಳಿಸಿಕೊಂಡಿರುತ್ತದೆ.

ಈ ಕೆಲಸ ಪಬ್ಲಿಕ್-ಇನ್‌ಬಾಕ್ಸೇ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ನಮಗೆ ಬೇಕಾದ ಹಾಗೆ ಅಲ್ಲ. ಅದರ ಎರಡನೇ ಫಾರ್ಮ್ಯಾಟ್‌ನಲ್ಲಿ ಮೆಸೇಜ್-ಐಡಿ ಒಂದೇ ಇದ್ದು ಒಳಗಿನದು ಬೇರೆ ಇದ್ದರೆ ಎರಡನ್ನೂ ಇಟ್ಟುಕೊಳ್ಳುತ್ತದೆ. ಯಾರದೋ ಮೇಲನ್ನು ಇನ್ನೊಬ್ಬರು ಅದೇ ಐಡಿ ಹಾಕಿ ನುಂಗಿಬಿಡಬಾರದಲ್ವಾ, ಅದಕ್ಕೆ. ಸರ್ವರ್ ದೃಷ್ಟಿಯಿಂದ ಅದು ಸರಿಯೇ. ನಮ್ಮ ವಿಷಯದಲ್ಲಿ ಮಾತ್ರ, ವಿಳಾಸ ತಿರುಚಿದ ಪೈಪರ್‌ಮೇಲ್ ಪ್ರತಿ ಮತ್ತು ನನ್ನ ಶುದ್ಧ ಪ್ರತಿ ಎರಡೂ ಅದಕ್ಕೆ ಬೇರೆ ಬೇರೆ ಮೇಲ್‌ಗಳಾಗಿ ಕಾಣುತ್ತವೆ. ಥ್ರೆಡ್ ತುಂಬ ಜೋಡಿ ಜೋಡಿ. ಆದ್ದರಿಂದ ಸೋಸುವುದು ಮೊದಲು, ತುಂಬುವುದು ಆಮೇಲೆ.

ಸೋಸಲು ಪೈಥಾನ್ ಜೊತೆಗೇ ಬರುವ ಮೇಲ್‌ಬಾಕ್ಸ್ ಮಾಡ್ಯೂಲ್ ಬಳಸಿದೆ. ಎಂಬಾಕ್ಸ್ ಓದಿ ಮೇಲ್‌ಡಿರ್‌ಗೆ ಬರೆಯುವ ಸಣ್ಣ ಸ್ಕ್ರಿಪ್ಟ್. ಇಲ್ಲೇ ಎಂಬಾಕ್ಸಿನ ಹಳೇ ರೋಗ ಎದುರಾಗುವುದು. ಎಂಬಾಕ್ಸಿನಲ್ಲಿ ಎಲ್ಲ ಮೇಲ್‌ಗಳೂ ಒಂದೇ ಫೈಲಿನಲ್ಲಿ ಒಂದರ ಕೆಳಗೆ ಒಂದು. ಸಾಲಿನ ಮೊದಲಿಗೆ ‘ಫ್ರಮ್’ ಎಂಬ ಇಂಗ್ಲಿಷ್ ಪದ, ಅದಾದ ಮೇಲೆ ಒಂದು ಸ್ಪೇಸ್ ಬಂದರೆ ಹೊಸ ಮೇಲ್ ಶುರುವಾಯಿತು ಅಂತ ಲೆಕ್ಕ. ಹೆಡರ್‌ನಲ್ಲಿ ಬರುವ ಫ್ರಮ್ ಬೇರೆ, ಅದರ ಮುಂದೆ ಕೋಲನ್ ಇರುತ್ತದೆ. ಬರೆದವರು ತಮ್ಮ ಪ್ಯಾರಾವನ್ನೇ ಆ ಪದದಿಂದ ಶುರು ಮಾಡಿದರೆ? ಫೈಲಿಗೆ ಬರೆಯುವ ಪ್ರೋಗ್ರಾಂ ಅದರ ಹಿಂದೆ ಒಂದು ‘ಹೆಚ್ಚು’ ಚಿಹ್ನೆ (>) ಹಾಕಿ ಮರೆಮಾಡಬೇಕು. ಹಳೆಯ ಫೈಲುಗಳಲ್ಲಿ ಎಷ್ಟೋ ಕಡೆ ಹಾಕಿಲ್ಲ.

ಪೈಥಾನ್ ಮಾಡ್ಯೂಲ್ ಇಂಥ ಸಾಲು ಕಂಡ ಕೂಡಲೇ ಕತ್ತರಿಸುತ್ತದೆ. ಫಲಿತಾಂಶ ಹೀಗಿರುತ್ತದೆ: ಒಂದು ಮೇಲ್ ಅರ್ಧಕ್ಕೇ ನಿಲ್ಲುತ್ತದೆ, ಉಳಿದರ್ಧ ತಲೆಯಿಲ್ಲದ ಇನ್ನೊಂದು ಮೇಲ್ ಆಗುತ್ತದೆ. ಕಳಿಸಿದವರಿಲ್ಲ, ತಾರೀಖಿಲ್ಲ, ವಿಷಯವಿಲ್ಲ. ಕಂಡುಹಿಡಿಯುವುದು ಕಷ್ಟವೇನಲ್ಲ. ಫೈಲಿನಲ್ಲಿರುವ ಫ್ರಮ್ ಸಾಲುಗಳನ್ನು ಎಣಿಸಿ, ಸಾಲಿನ ಮೊದಲಿಗೆ ಬರುವ ಮೆಸೇಜ್-ಐಡಿಗಳನ್ನು ಎಣಿಸಿ. ಎರಡೂ ಹೊಂದದಿದ್ದರೆ ಆ ತಿಂಗಳ ಫೈಲನ್ನು ತೆರೆದು ನೋಡಬೇಕು ಅಂತ ಅರ್ಥ. ನಿಜವಾದ ಗಡಿಸಾಲಿಗೆ ಒಂದು ಗುರುತು ಇದೆ. ಅದರಲ್ಲಿ ವಿಳಾಸ, ವಾರ, ತಿಂಗಳು, ತಾರೀಖು, ಗಂಟೆ, ಕೊನೆಗೆ ನಾಲ್ಕಂಕಿಯ ಇಸವಿ ಎಲ್ಲ ಇರುತ್ತವೆ. ಅಷ್ಟೂ ಇಲ್ಲದ ಸಾಲು ಬರೀ ಮಾತು. ಮೇಲ್‌ಮ್ಯಾನ್ 2ರ ಜೊತೆ ಬರುತ್ತಿದ್ದ ಕ್ಲೀನ್‌ಆರ್ಚ್ ಎಂಬ ಸ್ಕ್ರಿಪ್ಟ್ ಮಾಡುವುದೂ ಇದೇ ಪರೀಕ್ಷೆ. ನಾನು ಅದೇ ನಿಯಮವನ್ನು ನನ್ನ ಸ್ಕ್ರಿಪ್ಟಿಗೆ ಹಾಕಿ, ಸುಳ್ಳು ಗಡಿಗಳಿಗೆ ಮರೆ ಹಾಕಿದ ಒಂದು ಪ್ರತಿ ಮಾಡಿಸಿ, ಆ ಪ್ರತಿಯನ್ನು ಮಾಡ್ಯೂಲಿಗೆ ಕೊಟ್ಟೆ. ಮೂಲ ಫೈಲುಗಳನ್ನು ಓದಲು ಮಾತ್ರ ಎಂಬ ಪರ್ಮಿಷನ್ ಕೊಟ್ಟು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೆ.

ಮೊದಲೇ ಮರೆ ಹಾಕಿದ್ದ ಸಾಲುಗಳ ‘ಹೆಚ್ಚು’ ಚಿಹ್ನೆಯನ್ನು ವಾಪಸ್ ತೆಗೆಯಬೇಕೇ? ನಾನು ತೆಗೆಯಲಿಲ್ಲ. ಅದು ಪ್ರೋಗ್ರಾಂ ಹಾಕಿದ್ದೋ, ಉತ್ತರ ಬರೆದವರು ಹಿಂದಿನ ಮೇಲನ್ನು ಉದ್ಧರಿಸಿ ಹಾಕಿದ್ದೋ ಅಂತ ಹಳೆಯ ಎಂಬಾಕ್ಸಿನಲ್ಲಿ ಹೇಳಲು ಬರುವುದಿಲ್ಲ. ಓದಲು ಅದರಿಂದ ತೊಂದರೆಯೂ ಇಲ್ಲ.

ತಾರೀಖುಗಳದ್ದು ಇನ್ನೊಂದು ತಮಾಷೆ. ಪೈಪರ್‌ಮೇಲ್ ಪಟ್ಟಿಯಲ್ಲಿ 1970ರ ಜನವರಿ ಅಂತ ಒಂದು ತಿಂಗಳಿತ್ತು. ಆಗ ಲಿಸ್ಟೂ ಇರಲಿಲ್ಲ, ಇಂಟರ್ನೆಟ್ ಮೇಲೂ ಇರಲಿಲ್ಲ. ಯುನಿಕ್ಸ್ ಗಡಿಯಾರದ ಸೊನ್ನೆ ಅದು. ತಾರೀಖು ಓದಲಾಗದ ಮೇಲ್‌ಗಳು ಅಲ್ಲಿ ಹೋಗಿ ಬಿದ್ದಿದ್ದವು. ಇದಕ್ಕೆ ಉಲ್ಟಾ, ಕಂಪ್ಯೂಟರಿನ ಗಡಿಯಾರ ಮುಂದೆ ಓಡುತ್ತಿದ್ದವರ ಮೇಲ್‌ಗಳು ಭವಿಷ್ಯದ ತಾರೀಖು ಹೊತ್ತು ಪಟ್ಟಿಯ ತುದಿಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಪಬ್ಲಿಕ್-ಇನ್‌ಬಾಕ್ಸ್ ಒಂದು ಜಾಣತನ ಮಾಡುತ್ತದೆ. ತೋರಿಸಲು ಕಳಿಸಿದವರ ಡೇಟ್ ಹೆಡರ್ ಬಳಸಿದರೂ, ಮೇಲ್ ಬಂದ ಹೊತ್ತನ್ನು ರಿಸೀವ್ಡ್ ಹೆಡರ್‌ನಿಂದ ಬೇರೆಯಾಗಿ ಗುರುತು ಹಾಕಿಕೊಳ್ಳುತ್ತದೆ. ಆ ಹೆಡರ್ ಬರೆಯುವುದು ಸರ್ವರ್, ಅದರ ಗಡಿಯಾರ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಪೈಪರ್‌ಮೇಲ್ ಪ್ರತಿಗಳಲ್ಲಿ ರಿಸೀವ್ಡ್ ಕತ್ತರಿಸಿ ಹೋಗಿರುವುದರಿಂದ ಈ ಜಾಣತನ ನಡೆಯುವುದಿಲ್ಲ. ಅಂಥ ಮೇಲ್‌ಗಳಲ್ಲಿ ಇನ್-ರಿಪ್ಲೈ-ಟು ನೋಡಿ, ಯಾವುದಕ್ಕೆ ಉತ್ತರ, ಇದಕ್ಕೆ ಯಾವುದು ಉತ್ತರ ಅಂತ ಎರಡು ಕಡೆಯಿಂದ ಹಿಡಿದು, ನಡುವಿನ ಒಂದು ಹೊತ್ತನ್ನು ರಿಸೀವ್ಡ್ ಹೆಡರ್ ಆಗಿ ಸೇರಿಸಿದೆ. ಡೇಟ್ ಹೆಡರ್ ಮುಟ್ಟಲಿಲ್ಲ. ನಾನು ಸೇರಿಸಿದ್ದು ಅಂತ ಗೊತ್ತಾಗಲು ಅದರೊಳಗೇ ಒಂದು ಷರಾ ಬರೆದೆ.

ಇಷ್ಟಾದ ಮೇಲೆ ತುಂಬುವ ಕೆಲಸ. ಪಬ್ಲಿಕ್-ಇನ್‌ಬಾಕ್ಸಿನ ಇನಿಟ್ ಕಮಾಂಡಿಗೆ ನಾಲ್ಕು ವಿಷಯ ಕೊಡಬೇಕು: ಒಂದು ಹೆಸರು, ಫೋಲ್ಡರ್, ವೆಬ್ ವಿಳಾಸ, ಲಿಸ್ಟಿನ ಇಮೇಲ್ ವಿಳಾಸ. ವೆಬ್ ವಿಳಾಸಕ್ಕೆ ನನ್ನದೇ ಕಂಪ್ಯೂಟರಿನ ಲೋಕಲ್ ವಿಳಾಸ ಕೊಟ್ಟೆ. ಎರಡನೇ ಫಾರ್ಮ್ಯಾಟ್ ಬೇಕು ಅಂತ ಆಯ್ಕೆ ಕೊಡುವುದು ಮುಖ್ಯ, ಮೊದಲನೆಯದು ಮೇಲ್ ಜಾಸ್ತಿಯಾದಂತೆ ಕುಂಟುತ್ತದೆ. ಸೂಚಿಯ ಮಟ್ಟ ಮೂರು ಇವೆ. ಬೇಸಿಕ್‌ನಲ್ಲಿ ಹುಡುಕಾಟವಿಲ್ಲ. ಮೀಡಿಯಂನಲ್ಲಿ ಪದ ಹುಡುಕಬಹುದು. ಫುಲ್‌ನಲ್ಲಿ ಪದಗಳ ಜಾಗವನ್ನೂ ನೆನಪಿಡುವುದರಿಂದ ಪದಗುಚ್ಛವನ್ನು ಹಾಗೇ ಹುಡುಕಬಹುದು, ಆದರೆ ಡಿಸ್ಕ್ ಜಾಸ್ತಿ ತಿನ್ನುತ್ತದೆ. ಒಂದೇ ಲಿಸ್ಟ್, ಫುಲ್ ಇರಲಿ ಅಂದೆ.

ಆಮೇಲೆ ಕಾನ್ಫಿಗ್ ಫೈಲಿನಲ್ಲಿ ವಾಚ್ ಎಂಬ ಸಾಲು ಸೇರಿಸಿ, ಸೋಸಿಟ್ಟ ಮೇಲ್‌ಡಿರ್ ಎಲ್ಲಿದೆ ಅಂತ ಹೇಳಿದೆ. ವಾಚ್ ಪ್ರೋಗ್ರಾಂ ಶುರುವಾದ ಕೂಡಲೇ ಆ ಫೋಲ್ಡರಿನಲ್ಲಿ ಮೊದಲೇ ಇದ್ದ ಮೇಲ್‌ಗಳನ್ನೆಲ್ಲ ಎಳೆದುಕೊಳ್ಳುತ್ತದೆ. ಕರಡು ಮತ್ತು ಅಳಿಸಿದ್ದು ಎಂಬ ಗುರುತು ಇರುವ ಫೈಲುಗಳನ್ನು ಬಿಟ್ಟುಬಿಡುತ್ತದೆ. ಹಾಗಾಗಿ ನಿಮ್ಮ ಮೇಲ್‌ಡಿರ್‌ನಲ್ಲಿ ಯಾವಾಗಲೋ ಅಳಿಸಿ, ಪೂರ್ತಿ ಖಾಲಿ ಮಾಡದೇ ಬಿಟ್ಟ ಮೇಲ್‌ಗಳಿದ್ದರೆ ಫೈಲಿನ ಹೆಸರಿನ ಕೊನೆಯ ಗುರುತುಗಳನ್ನು ಮೊದಲೇ ನೋಡಿಕೊಳ್ಳಿ.

ನನ್ನ ದೊಡ್ಡ ಡಿಸ್ಕ್ ತಿರುಗುವ ಜಾತಿಯದು. ಜೇಪಿಯನ್ ಸೂಚಿ ಬರೆಯುವಾಗ ಡಿಸ್ಕಿನ ಎಲ್ಲೆಲ್ಲೋ ಹಾರಿ ಬರೆಯುತ್ತದೆ. ಕರಕರ ಸದ್ದು ನಿಲ್ಲಲೇ ಇಲ್ಲ, ಕೆಲಸವೂ ಮುಂದೆ ಹೋಗುತ್ತಿರಲಿಲ್ಲ. ಅದನ್ನು ನಿಲ್ಲಿಸಿ ಇಡೀ ಫೋಲ್ಡರನ್ನು ಎಸ್‌ಎಸ್‌ಡಿಯ ಮೇಲೆ ಹೊಸದಾಗಿ ಕಟ್ಟಿಸಿದೆ, ಸರಾಗವಾಗಿ ಮುಗಿಯಿತು. ಎಸ್‌ಎಸ್‌ಡಿ ಇಲ್ಲದವರಿಗೆ ಇಂಡೆಕ್ಸ್ ಕಮಾಂಡಿನಲ್ಲಿ ಸೂಚಿಯ ತುಂಡುಗಳನ್ನು ಒಂದಾದ ಮೇಲೆ ಒಂದು ಬರೆಯುವ ಆಯ್ಕೆ ಇದೆ, ಸೀಕ್ವೆನ್ಶಿಯಲ್ ಶಾರ್ಡ್ ಅಂತ. ಮೂಲ ರಾಶಿ ಮತ್ತು ಸ್ಕ್ರಿಪ್ಟ್ ಎರಡೂ ಕೈಯಲ್ಲಿದ್ದರೆ ಹೀಗೆ ಕೆಡವಿ ಕಟ್ಟುವುದಕ್ಕೆ ಹೆದರಬೇಕಾಗಿಲ್ಲ. ತಾರೀಖು ಸರಿ ಮಾಡುವಾಗಲೂ ಇದನ್ನೇ ಮಾಡಿದೆ. ಒಳಗೆ ಕೈಹಾಕಿ ತಿದ್ದುವುದಕ್ಕಿಂತ ಅಳಿಸಿ ಪುನಃ ತುಂಬುವುದು ಸುಲಭ.

ಎಲ್ಲ ಬಂದಿದೆಯೇ ಅಂತ ತಾಳೆ ನೋಡಲು ಗಿಟ್ ಅನುಕೂಲ. ಇದರಲ್ಲಿ ಒಂದು ಮೇಲಿಗೆ ಒಂದು ಕಮಿಟ್, ಅಂದರೆ ಒಂದು ಬದಲಾವಣೆಯ ದಾಖಲೆ. ಮೇಲ್ ಸೇರಿದಾಗ ‘ಎಂ’ ಎಂಬ ಒಂದೇ ಅಕ್ಷರದ ಫೈಲು, ಅಳಿಸಿದಾಗ ‘ಡಿ’. ಕಮಿಟ್‌ಗಳನ್ನು ಎಣಿಸಿ ಮೇಲ್‌ಡಿರ್‌ನ ಫೈಲುಗಳ ಸಂಖ್ಯೆಗೆ ಹೋಲಿಸಿದರೆ ಆಯಿತು. ನನ್ನದರಲ್ಲಿ ಕಮಿಟ್ ಸ್ವಲ್ಪ ಕಡಿಮೆ ಬಂತು. ನೋಡಿದರೆ ಮೇಲ್‌ಡಿರ್‌ನಲ್ಲಿ ಒಂದೇ ಮೇಲ್ ಎರಡು ದಾರಿಯಲ್ಲಿ ಬಂದು ಎರಡು ಫೈಲಾಗಿತ್ತು. ರಿಸೀವ್ಡ್ ಹೆಡರ್ ಬಿಟ್ಟು ಉಳಿದದ್ದೆಲ್ಲ ಒಂದೇ ಇದ್ದರೆ ಪಬ್ಲಿಕ್-ಇನ್‌ಬಾಕ್ಸ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಅದು ಸರಿಯೇ.

ಬ್ರೌಸರಿಗೆ ಬಡಿಸುವ ಎಚ್‌ಟಿಟಿಪಿಡಿ ಪ್ರೋಗ್ರಾಂ 8080ನೇ ಪೋರ್ಟಿನಲ್ಲಿ ನಿಲ್ಲುತ್ತದೆ. ವಿಳಾಸವನ್ನು 127.0.0.1 ಅಂತ ನಾವೇ ಕೊಡಬೇಕು. ಕೊಡದಿದ್ದರೆ ಎಲ್ಲ ನೆಟ್‌ವರ್ಕ್ ಕಡೆಗೂ ಬಾಗಿಲು ತೆರೆದು ಕೂರುತ್ತದೆ, ಅದೇ ವೈಫೈನಲ್ಲಿ ಇರುವ ಯಾರು ಬೇಕಾದರೂ ಓದಬಹುದು. ಲಾಗಿನ್ ಆದಾಗ ತಾನಾಗೇ ಶುರುವಾಗಲಿ ಅಂತ ಸಿಸ್ಟಂಡಿಯ (ಹಿನ್ನೆಲೆ ಪ್ರೋಗ್ರಾಂಗಳನ್ನು ಶುರು ಮಾಡುವ ವ್ಯವಸ್ಥೆ) ಯೂಸರ್ ಸರ್ವಿಸ್ ಆಗಿ ಹಾಕಿದೆ. ಎನ್‌ಎನ್‌ಟಿಪಿ ಎಂಬ ನ್ಯೂಸ್‌ಗ್ರೂಪ್ ಪ್ರೋಟೋಕಾಲ್ ಮೂಲಕ ಥಂಡರ್‌ಬರ್ಡ್ ಮೇಲ್ ತಂತ್ರಾಂಶದಲ್ಲೂ ಓದಬಹುದು. ಆದರೆ ಅದರ ಮಾಮೂಲಿ ಪೋರ್ಟ್ 119. ಸಾಮಾನ್ಯ ಯೂಸರ್‌ಗೆ 1024ಕ್ಕಿಂತ ಕೆಳಗಿನ ಪೋರ್ಟ್ ಸಿಗುವುದಿಲ್ಲವಾದ್ದರಿಂದ 1119 ಕೊಟ್ಟೆ.

ಪುಟಗಳು ತೀರಾ ಸರಳ, ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ. ನನಗೆ ಅದೇ ಇಷ್ಟವಾಯಿತು. ಥ್ರೆಡ್ ಮರದಲ್ಲಿ ಅಲ್ಲಲ್ಲಿ ‘ಸಿಗಲಿಲ್ಲ’ ಎಂಬ ಇಂಗ್ಲಿಷ್ ಷರಾ ಕಾಣುತ್ತದೆ. ಉತ್ತರ ಇದೆ, ಅದು ಯಾವುದಕ್ಕೆ ಉತ್ತರವೋ ಆ ಮೇಲ್ ಇಲ್ಲ ಅಂತ ಅರ್ಥ. ಕಳೆದುಹೋದ ಮೇಲ್‌ಗಳ ಪಟ್ಟಿ ಹೀಗೆ ತಾನಾಗಿ ಸಿಕ್ಕಿತು. ರೆಫರೆನ್ಸಸ್ ಹೆಡರ್ ಹಾಕದ ಹಳೆಯ ತಂತ್ರಾಂಶದಿಂದ ಬಂದ ಉತ್ತರಗಳನ್ನು ಮಾತ್ರ ಅದು ಥ್ರೆಡ್‌ಗೆ ಗಟ್ಟಿಯಾಗಿ ಕಟ್ಟುವುದಿಲ್ಲ. ವಿಷಯದ ಸಾಲು ಹೊಂದುತ್ತದೆ ಅಂತ ಪಕ್ಕದಲ್ಲಿ ತೋರಿಸುತ್ತದೆ. ಊಹೆಯನ್ನು ಊಹೆ ಅಂತಲೇ ತೋರಿಸುವುದು ಒಳ್ಳೆಯದು.

ಕನ್ನಡ ಹುಡುಕಾಟದಲ್ಲಿ ಸ್ವಲ್ಪ ಉಪಾಯ ಬೇಕು. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲ ಹಿಡಿಯುವ ವಿದ್ಯೆ ಜೇಪಿಯನ್‌ಗೆ ಗೊತ್ತು, ಕನ್ನಡದ್ದು ಗೊತ್ತಿಲ್ಲ. ‘ಪುಸ್ತಕ’ ಅಂತ ಕೊಟ್ಟರೆ ‘ಪುಸ್ತಕದಲ್ಲಿ’ ಸಿಗುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಸಿಗುತ್ತದೆ. ಆದರೆ ‘ಊರು’ಗೆ ನಕ್ಷತ್ರ ಹಾಕಿದರೆ ‘ಊರಿನಲ್ಲಿ’ ಸಿಗದು, ಯಾಕೆಂದರೆ ಅಲ್ಲಿ ಉಕಾರ ಹೋಗಿ ಇಕಾರ ಬಂದಿದೆ. ‘ಊರ’ ಅಂತ ಬರೆದು ನಕ್ಷತ್ರ ಹಾಕಬೇಕು. ಸ್ವರಚಿಹ್ನೆ ವ್ಯಂಜನ ಆದಮೇಲೆ ಬರುವ ಬೇರೆಯೇ ಸಂಕೇತ ಆಗಿರುವುದರಿಂದ ಎರಡೂ ಒಟ್ಟಿಗೆ ಬಲೆಗೆ ಬೀಳುತ್ತವೆ. ತಾರೀಖಿನ ವ್ಯಾಪ್ತಿ, ಕಳಿಸಿದವರು, ವಿಷಯ ಅಂತ ಬೇರೆ ಬೇರೆ ಹುಡುಕಲು ಒಂದಕ್ಷರದ ಗುರುತುಗಳಿವೆ. ಉದ್ಧರಿಸಿದ ಭಾಗ ಬಿಟ್ಟು ಹೊಸದಾಗಿ ಬರೆದದ್ದರಲ್ಲಿ ಮಾತ್ರ ಹುಡುಕುವ ಗುರುತನ್ನೂ ಕೊಟ್ಟಿದ್ದಾರೆ. ಉದ್ದ ಚರ್ಚೆಗಳಲ್ಲಿ ಅದಿಲ್ಲದೆ ಆಗುವುದಿಲ್ಲ. ಒಂದೇ ಮಾತು ಪ್ರತಿ ಉತ್ತರದಲ್ಲೂ ಉದ್ಧರಣೆಯಾಗಿ ಬಂದು ಹುಡುಕಾಟ ತುಂಬಿಕೊಳ್ಳುತ್ತದೆ.

ಯುನಿಕೋಡಿಗಿಂತ ಮುಂಚಿನ ಫಾಂಟ್‌ಗಳಲ್ಲಿ ಬರೆದ ಮೇಲ್‌ಗಳೂ ಇವೆ. ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪ್ರಶ್ನಾರ್ಥಕ ಚಿಹ್ನೆಗಳ ಹಾಗೆ ಸತ್ತಿಲ್ಲ, ಪರಿವರ್ತಕಕ್ಕೆ ಹಾಕಿದರೆ ಜೀವ ಬರುತ್ತದೆ. ಅವನ್ನು ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.

ಬ್ಯಾಕಪ್‌ಗೆ ಗಿಟ್ ಫೋಲ್ಡರುಗಳು ಸಾಕು. ಸೂಚಿ ಯಾವಾಗ ಬೇಕಾದರೂ ಪುನಃ ಕಟ್ಟಬಹುದು. ಲಿಸ್ಟಿನ ಇನ್ನೊಬ್ಬ ಹಳೆಯ ಸದಸ್ಯರಿಗೆ ಅದರ ಒಂದು ಕ್ಲೋನ್ (ಪೂರ್ತಿ ಪ್ರತಿ) ಕೊಟ್ಟೆ, ಜೊತೆಗೆ ‘ಸಿಗಲಿಲ್ಲ’ ಮತ್ತು ಪ್ರಶ್ನಾರ್ಥಕ ಮೇಲ್‌ಗಳ ಮೆಸೇಜ್-ಐಡಿ ಪಟ್ಟಿಯನ್ನೂ. ಅವರು ನನಗಿಂತ ಮೊದಲು ಸೇರಿದವರು. ಹಳೆಯ ಮೇಲ್‌ಪೆಟ್ಟಿಗೆಯಲ್ಲಿ ಹುಡುಕಿ, ಪಟ್ಟಿಯಲ್ಲಿದ್ದ ಕೆಲವು ಮೂಲ ಪ್ರತಿಗಳನ್ನು ಕಳಿಸಿಕೊಟ್ಟಿದ್ದಾರೆ. ಅದು ಈಗ ಸರದಿಯಲ್ಲಿ ಪೈಪರ್‌ಮೇಲ್‌ಗಿಂತ ಮುಂದೆ ನಿಲ್ಲುವ ನಾಲ್ಕನೇ ರಾಶಿ. ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿ ಪುನಃ ತುಂಬಲು ಬಿಟ್ಟಿದ್ದೇನೆ.